ಎರಡು ತಿರುಪು

ಪಾರ್ಸೆಲ್ ಚೀಟಿಯ ಹಿಂಬದಿ, ಇರುವೆ ಗಾತ್ರದ ಅಕ್ಷರದಲ್ಲಿ:
ಒಡೆದರೆ, ನೆನೆದರೆ, ತುಂಡಾದರೆ
ಕಂಪನಿ ಹೊಣೆಯಲ್ಲ.
ಮುಂಬದಿಯಲ್ಲಿ ನನ್ನದೇ ಕೈಬರಹ:
ಕಳಿಸಿದವರು ಮೊಯ್ದು, ಸುಂಟಿಕೊಪ್ಪ.
ಸೇರಬೇಕಾದವರು ನೀಲವ್ವ, ಗಜೇಂದ್ರಗಡ.
ಹೊಲಿಗೆ ಮಷಿನ್ ಒಂದು, ಕಾಲು ಸಮೇತ. ಹಳೆಯದು.

ಹಳೆಯದೆಂದು ನಾನೇನೂ ಮುಚ್ಚಿಟ್ಟಿರಲಿಲ್ಲ.
ಬ್ಯಾಪ್ಟಿಸ್ಟಾ ಬಾಯಿ ಅದರಲ್ಲಿ ಚೆಟ್ಟಳ್ಳಿ ಶಾಲೆಗೆ
ಇಪ್ಪತ್ತು ವರ್ಷ ನೀಲಿ ಲಂಗ ಹೊಲಿದದ್ದು,
ಚಕ್ರದ ಬಂಗಾರದ ಗೆರೆ ಅವರ ಅಂಗೈಗೆ ಸವೆದದ್ದು,
ದಪ್ಪ ಬಟ್ಟೆ ಕಂಡರೆ ತುಸು ಹಟ ಮಾಡುವುದು,
ಎಲ್ಲ ಫೋನಿನಲ್ಲಿ ಹೇಳಿದ್ದೆ.
ಎರಡು ಸಾವಿರದ ಎಂಟುನೂರು. ಚೌಕಾಸಿ ಮಾಡದೆ ಹಾಕಿದರು.

ಪ್ಯಾಕಿಂಗ್ ವಿಷಯದಲ್ಲಿ ನನಗೊಂದು ಜಂಬ.
ಥರ್ಮಾಕೋಲ್ ಯಾಕೆ? ಕೂಡ್ಲೂರಿನ ಮಿಲ್ಲಿನಿಂದ
ಒಂದು ಗೋಣಿ ಕಾಫಿ ಹೊಟ್ಟು ತಂದು ತುಂಬಿದರೆ
ಪಿಂಗಾಣಿ ಬಸಿಯೂ ನಿದ್ದೆಯಲ್ಲೇ ಊರು ಸೇರುತ್ತದೆ.

ಐದನೇ ದಿನ ಮೆಸೇಜು:
"ಅಣ್ಣಾರ, ಮಷಿನ್ ಮುಟ್ಟೇತ್ರಿ.
ಕುತ್ತಿಗಿ ಮುರದೈತಿ.
ಹೊಟ್ಟಿಂದ ಮಾತ್ರ ಛಲೋ ವಾಸನಿ ಬರಾಕತ್ತೇತಿ."
ಜೊತೆಗೊಂದು ಫೋಟೊ.
ಬೀಡುಕಬ್ಬಿಣ ಒಡೆದ ಕಡೆ ಬೂದು ಹರಳು,
ಕಡಿದಿಟ್ಟ ಬೆಲ್ಲದಚ್ಚಿನ ಒಳಗಿನಂತೆ.
ಮೂಲೆಯಲ್ಲಿ ಯಾವುದೋ ಮಗುವಿನ ಹಿಮ್ಮಡಿ.

'ಇಲ್ಲಿಂದ ಹೊರಡುವಾಗ ಸರಿಯಿತ್ತು' ಎಂದು ಬರೆದೆ. ಅಳಿಸಿದೆ.
'ಹಳೇ ಮಾಲು, ಇದ್ದ ಹಾಗೇ ಎಂದಿದ್ದೆನಲ್ಲ' ಎಂದು ಬರೆದೆ.
ಎರಡೂ ಸುಳ್ಳಲ್ಲ. ಎರಡನ್ನೂ ಕಳಿಸಲಾಗಲಿಲ್ಲ.

ಕುಶಾಲನಗರದ ಲಾರಿ ಆಫೀಸಿನಲ್ಲಿ ಉತ್ತಯ್ಯ
ಚೀಟಿ ಮಗುಚಿ ಬೆರಳಿಟ್ಟ: ಇದನ್ನು ಓದಿ.
ಅರಸೀಕೆರೆಯಲ್ಲಿ ಲಾರಿ ಬದಲು, ಹುಬ್ಬಳ್ಳಿಯಲ್ಲಿ ಹಮಾಲರು ಬದಲು,
ಯಾರನ್ನು ಅಂತ ಹಿಡೀತೀರಿ ಕಾಕಾ?
ನಿಜ. ಯಾರನ್ನು?

ರಾತ್ರಿ, ಊಟದ ತಟ್ಟೆ ಮುಂದೆ, ನೆನಪಾಯಿತು.
ನೆನಪಾಯಿತು ಅನ್ನುವುದೂ ಪೂರ್ತಿ ನಿಜವಲ್ಲ,
ಫೋಟೊ ನೋಡಿದ ಗಳಿಗೆಯೇ ಗೊತ್ತಿತ್ತು.
ಹಲಗೆಯ ಹಿಂದೆ ಎರಡು ತಿರುಪು.
ಅವನ್ನು ಬಿಚ್ಚಿ ತಲೆ ಕಳಚಿ ಬೇರೆ ಕಟ್ಟಬೇಕು,
ಎಳೆ ರಿಪೇರಿ ಹುಡುಗನಿಗೂ ಗೊತ್ತು.
ಅಂದು ತುಕ್ಕು ಹಿಡಿದಿತ್ತು, ಕರೆಂಟು ಹೋಗಿತ್ತು,
ಮಗ್ರಿಬ್ ಬಾಂಗ್ ಆಗಿತ್ತು, ಆಟೊದವನು ಹಾರ್ನ್ ಹೊಡೆಯುತ್ತಿದ್ದ.
ನಾಲ್ಕು ಹನಿ ಸೀಮೆಎಣ್ಣೆ, ಹತ್ತು ನಿಮಿಷ, ಅಷ್ಟೇ ಬೇಕಿದ್ದದ್ದು.
ನಾನು ಇನ್ನೆರಡು ಬೊಗಸೆ ಹೊಟ್ಟು ಸುರಿದೆ.

ದುಡ್ಡು ತೆಗೆದುಕೊಂಡದ್ದು ಗಜೇಂದ್ರಗಡದಲ್ಲಿ ಓಡಬೇಕಾದ ಮಷಿನಿಗೆ.
ನಾನು ತೋರಿಸುತ್ತಿದ್ದದ್ದು ಸುಂಟಿಕೊಪ್ಪದಲ್ಲಿ ಓಡಿದ್ದನ್ನು.

ಎರಡು ಸಾವಿರದ ಎಂಟುನೂರು, ಲಾರಿ ಬಾಡಿಗೆ ಮುನ್ನೂರ ನಲವತ್ತು,
ಹಿಂದಕ್ಕೆ ಹಾಕಿದೆ.
"ಅರ್ಧ ಸಾಲದಿತ್ತಾ?" ಅಂದಳು ರಮ್ಲತ್.
ಲಾಭವೇ ಐನೂರು ಎಂದು ಅವಳಿಗೆ ಗೊತ್ತು.
ತಿರುಪಿನ ಮಾತು ಅವಳಿಗೆ ಹೇಳಲಿಲ್ಲ.
ನೀಲವ್ವನಿಗೆ ಹೇಳಿದೆ.

ಮರುದಿನ ಖಾತೆಗೆ ಆರುನೂರು ಬಂದು ಬಿತ್ತು.
"ಕಾಲು, ಪೆಡ್ಲು ಗಟ್ಟಿ ಅದಾವ್ರಿ. ಅವನ್ನ ಇಟಗೊಂಡೀನಿ.
ಪುಕ್ಕಟ ಬ್ಯಾಡ.
ಹೊಟ್ಟು ಮೆಣಸಿನ ಗಿಡಕ್ಕ ಹಾಕೀನಿ, ಅದಕ್ಕ ರೊಕ್ಕ ಕೊಡಂಗಿಲ್ಲ."

ಈ ಆರುನೂರನ್ನು ಯಾವ ಲೆಕ್ಕಕ್ಕೆ ಬರೆಯಲಿ, ಇನ್ನೂ ತಿಳಿದಿಲ್ಲ.
ಪುಸ್ತಕದ ನಡುವೆ ಚೀಟಿಯಂತೆ ಇದೆ.

ಇವತ್ತು ಇನ್ನೊಂದು ಮಷಿನ್, ಹಾಸನಕ್ಕೆ.
ತಿರುಪಿನ ಮೇಲೆ ಸೀಮೆಎಣ್ಣೆ ಬಿಟ್ಟು ಕೂತಿದ್ದೇನೆ.
ಹೊರಗೆ ಆಟೊದವನು ಹಾರ್ನ್ ಹೊಡೆಯುತ್ತಿದ್ದಾನೆ.
ಹೊಡೆಯಲಿ.