ಬಳಸುವ ಮುನ್ನ ಚೆನ್ನಾಗಿ ಕುಲುಕಿ

ಹನ್ನೊಂದು ವರ್ಷ ನಾನು
ಮಾತ್ರೆ ಕರಗುವುದನ್ನೇ ಕಾದು ಕೂತವಳು.
ಮಾಚೇನಹಳ್ಳಿಯ ಎರಡನೇ ಮಹಡಿ, ಆರು ಗಾಜಿನ ಪಾತ್ರೆ,
ಒಂಬೈನೂರು ಮಿಲಿ ನೀರು, ಮೈಬಿಸಿಯಷ್ಟು ಬಿಸಿ,
ಮೂವತ್ತು ನಿಮಿಷ.
ಅಷ್ಟರೊಳಗೆ ಗುರುತು ಸಿಗದಷ್ಟು ಕರಗಿದರೆ ಪಾಸು.
ಕರಗದೆ ತಳಕ್ಕೆ ಕೂತದ್ದನ್ನು
ಕೆಂಪು ಶಾಯಿಯಲ್ಲಿ ಬರೆದವಳೂ ನಾನೇ.

ಸೇರಿದ ದಿನ ನನಗೂ ಅದನ್ನೇ ಹೇಳಿದ್ದರು:
"ಹಾಲಿಗೆ ಸಕ್ಕರೆ ಬಿದ್ದ ಹಾಗೆ ಇದ್ದುಬಿಡಿ, ಹಾಲಮ್ಮ."
ಇದ್ದೆ. ಭದ್ರಾವತಿಯ ಹಳೇನಗರದ ನನ್ನ ಮಾತನ್ನು
ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿಯುತ್ತಿದ್ದೆ.
ಯಾವ ಕೇರಿ ಎಂದು ಯಾರೂ ಕೇಳಲಿಲ್ಲ, ನಿಜ;
"ನಿಮ್ಮಲ್ಲಿ ಹಬ್ಬಕ್ಕೆ ಏನು ಅಡುಗೆ" ಎಂದರು.
ಅದೇ ಪ್ರಶ್ನೆ, ಒಗ್ಗರಣೆ ಹಾಕಿ.

ಬಿಳಿ ಕೋಟಿಗೆ ಮೂರೇ ಅಳತೆ, ಮೂರೂ ಗಂಡಸಿನ ಭುಜಕ್ಕೆ.
ತೋಳು ಎರಡು ಮಡಿಕೆ ಮಡಿಸಿ, ಪಿನ್ನು ಚುಚ್ಚಿ,
ಎರಡು ಪೇಟೆಂಟಿಗೆ ನಾಲ್ಕನೇ ಹೆಸರಾದೆ.
ಮಂಡಿನೋವಿನ ಮಾತ್ರೆಯ ಪರೀಕ್ಷೆಗೆ ಇಪ್ಪತ್ತನಾಲ್ಕು ಜನ,
ಇಪ್ಪತ್ತನಾಲ್ಕೂ ಗಂಡಸರು.
ಮಂಡಿ ಹಿಡಿದೇ ಏಳುವ ನಮ್ಮ ದೊಡ್ಡಮ್ಮ
ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.
ಕೇಳಿದೆ. "ಮುಂದಿನ ಹಂತದಲ್ಲಿ ನೋಡೋಣ."

ಆಮೇಲೆ ಆ ಬುಧವಾರ, ಬೆಂಕಿಯ ಅಣಕು ಕವಾಯತು.
ಗಂಟೆ ಹೊಡೆಯಿತು. ಹೊಂಗೆ ಮರದ ಕೆಳಗೆ ನಾವೆಲ್ಲ ಸಾಲು.
ತಲೆ ಎಣಿಸಿದರು, ನೂರ ಎಂಬತ್ತಾರು,
ಎಲ್ಲ ಸರಿ ಎಂದು ಸಹಿ ಬಿತ್ತು.
ಒಳಗೆ ಪ್ಯಾಕಿಂಗಿನಲ್ಲಿ ಖುರ್ಷಿದಾ,
ಹುಟ್ಟಿದಾಗಿನಿಂದ ಕಿವಿ ಕೇಳದವಳು,
ಎಲ್ಲ ಊಟಕ್ಕೆ ಹೋದರೆಂದುಕೊಂಡು ಒಬ್ಬಳೇ
ಸೀಸೆಗೆ ಲೇಬಲ್ಲು ಅಂಟಿಸುತ್ತಲೇ ಇದ್ದಳು.
ಗುತ್ತಿಗೆಯವಳು. ಪಟ್ಟಿಯಲ್ಲೇ ಇಲ್ಲ.
ಲೆಕ್ಕಕ್ಕೂ ಇಲ್ಲ, ಆಟಕ್ಕೂ ಇಲ್ಲ,
ಕೆಲಸಕ್ಕೆ ಮಾತ್ರ ಉಂಟು.

ಅವಳ ಕೈಯ ಲೇಬಲ್ಲು ಓದಿದೆ:
ಬಳಸುವ ಮುನ್ನ ಚೆನ್ನಾಗಿ ಕುಲುಕಿ.
ಅದು ಸಿರಪ್ಪಲ್ಲ. ಅದರ ಪುಡಿ ಕರಗುವುದಿಲ್ಲ,
ನೀರಿನೊಳಗೂ ಪುಡಿಯಾಗಿಯೇ ತೇಲುತ್ತದೆ.
ಮದ್ದು ಇರುವುದು ಆ ಪುಡಿಯಲ್ಲೇ.
ಇಷ್ಟು ವರ್ಷ ನನಗಿದು ಗೊತ್ತಿದ್ದ ರಸಾಯನ.

ಮೂರು ತಿಂಗಳಿಗೆ ಕೆಳಗಿಳಿದೆ, ಕ್ಯಾಂಟೀನಿನ ಪಕ್ಕದ ಕೋಣೆಗೆ.
ಬಾಗಿಲ ಮೇಲೆ ಉದ್ದದ ಹುದ್ದೆ: ವೈವಿಧ್ಯ, ಸಮಾನತೆ, ಇನ್ನೂ ಏನೋ ಒಂದು;
ಪೇಂಟರ್ ಧರ್ಮೋಜಿಗೆ ಜಾಗ ಸಾಲದೆ
ಕೊನೆಯಕ್ಷರ ಗೋಡೆಗೆ ಹೋಯಿತು.
"ಪಿಎಚ್‌ಡಿ ಮಾಡಿ ರಂಗೋಲಿ ಸ್ಪರ್ಧೆ ನಡೆಸೋಕಾ?"
ಎಂದರು ಮೇಲಿನವರು.
ಮೊದಲ ವರ್ಷ ಅದನ್ನೂ ನಡೆಸಿದೆ, ಸುಳ್ಳೇಕೆ.

ಗಂಟೆಯ ಪಕ್ಕ ಒಂದು ಕೆಂಪು ದೀಪಕ್ಕೆ
ಹದಿನಾಲ್ಕು ಮೀಟಿಂಗು ಬೇಕಾಯಿತು.
ಕೋಟಿಗೆ ಈಗ ಆರು ಅಳತೆ.
ಗುತ್ತಿಗೆಯವರ ಹೆಸರು ಪಟ್ಟಿಗೆ ಬಂದಿದೆ, ಸರಿಸಮ ಸಂಬಳ ಬಂದಿಲ್ಲ;
ಕೆಂಪು ಶಾಯಿ ಇನ್ನೂ ಬಿಟ್ಟಿಲ್ಲ ನಾನು.

ಮೊನ್ನೆ ಖುರ್ಷಿದಾ ಬೆರಳಲ್ಲೇ ಕೇಳಿದಳು:
ಇಲ್ಲಿ ಕೂತು ನೀನು ಮಾಡುವುದೇನು?
ನನ್ನ ಸನ್ನೆ ಇನ್ನೂ ಒಂದನೇ ಕ್ಲಾಸು.
ಮೇಜಿನ ಮೇಲಿದ್ದ ಸೀಸೆ ತೆಗೆದು ಕುಲುಕಿ ತೋರಿಸಿದೆ.
ಅವಳು ನಕ್ಕು, ಅದನ್ನು ಕಿತ್ತುಕೊಂಡು,
ಅಷ್ಟು ಮೆಲ್ಲಗಲ್ಲ ಎಂಬಂತೆ ಜೋರಾಗಿ ಕುಲುಕಿದಳು.

ಮುಚ್ಚಳ ಸಡಿಲವಿತ್ತು.
ನನ್ನ ಸೆರಗಿನ ಮೇಲೆ ಆ ಗುಲಾಬಿ ಕಲೆ
ಎರಡು ಸಲ ಒಗೆದರೂ ಹಾಗೇ ಇದೆ.