ಅರ್ಥ ಸಿಗದ ಹಾರನ್ನು

ಬ್ರೇಕಿಲ್ಲದೆ ಬದುಕಬಹುದು ದಾವಣಗೆರೆಯಲ್ಲಿ,
ಹಾರನ್ನಿಲ್ಲದೆ ಆಗುವುದಿಲ್ಲ.
ಗೊತ್ತಿದ್ದೂ ತಂದೆ ನಾನು,
ಎಲ್ಲೈಸಿ ಏಜೆಂಟು, ಐವತ್ತೆರಡು ವಯಸ್ಸು,
ಎರಡೇ ಸೀಟಿನ ಈ ಕೆಂಪು ಟ್ರಯಂಫನ್ನು,
ನನಗಿಂತ ಆರು ವರ್ಷ ಹಿರಿಯದನ್ನು.
ಮಂಡಿಪೇಟೆಯಲ್ಲಿ ಬಗ್ಗಿ ನೋಡಿ ಕೇಳಿದರು:
ಇದರಲ್ಲಿ ಹೆಂಡತಿ ಕೂತರೆ ಮಕ್ಕಳೆಲ್ಲಿ ಕೂರಬೇಕು ಸಾರ್?

ನೇರ ಹೋಗುವಾಗ ಮೂಕ.
ಬಲಕ್ಕೆ ಹೊರಳಿದರೂ ಮೂಕ.
ಎಡಕ್ಕೆ ಮುಕ್ಕಾಲು ತಿರುವಿದರೆ ಮಾತ್ರ
ಎಮ್ಮೆಕರು ತಾಯಿಯ ಕಂಡಂತೆ ಒಂದು ಕೂಗು.
ಎರಡು ತಿಂಗಳು ಎಡದ ತಿರುವುಗಳನ್ನೇ ಹುಡುಕಿ ಓಡಿಸಿದೆ.
ಜಯದೇವ ಸರ್ಕಲ್ಲಿನಲ್ಲಿ ಬಲಕ್ಕೆ ಹೋಗಬೇಕಾದರೆ
ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ.

ಬಾಡ ಕ್ರಾಸಿನ ಹತ್ತಿರ ಹಾಲೇಶಪ್ಪನ ತಗಡಿನ ಅಂಗಡಿ.
ಇಪ್ಪತ್ತು ವರ್ಷ ಕಾಟನ್ ಮಿಲ್ಲಿನ ಮಗ್ಗಗಳ ನಡುವೆ ನಿಂತವ;
ಮಿಲ್ಲು ಮುಚ್ಚುವ ಹೊತ್ತಿಗೆ ಕಿವಿಗಳೂ ಮುಚ್ಚಿದ್ದವು.
ಗಿರಾಕಿಗಳಿಗೆಂದು ಬಾಗಿಲಿಗೆ ಒಂದು ಸ್ಲೇಟು ನೇತುಹಾಕಿದ್ದಾನೆ.
ಕಿವುಡನ ಹತ್ತಿರ ಹಾರನ್ ರಿಪೇರಿಗೆ ಬಂದವ
ನಾನೊಬ್ಬನೇ ಅಲ್ಲ, ಮುಂದೆ ಮೂರು ಆಟೋ ಇದ್ದವು.

ಹಾರನ್ನಿಗೆ ನೇರ ತಂತಿ ಕೊಟ್ಟು, ಅದರ ಬೆನ್ನ ಮೇಲೆ
ಎರಡು ಬೆರಳಿಟ್ಟ, ನಾಡಿ ಹಿಡಿದ ಹಾಗೆ.
"ಹಾರನ್ನಿಗೇನೂ ಆಗಿಲ್ಲ. ಅರ್ಥ ಇಲ್ರೀ ಇದಕ್ಕ."
ಮನೆಯಲ್ಲೂ ಅದನ್ನೇ ಅಂದಿದ್ದಳು, ಬೇರೆ ಅರ್ಥದಲ್ಲಿ.
ಸ್ಲೇಟಿನ ಮೇಲೆ ಬರೆದೆ: ಅಂದರೆ?
"ಕರೆಂಟು ಬಟನ್ ತನಕ ಬಂದು ನಿಂತೈತಿ. ಮುಂದ ನೆಲ ಸಿಗವಲ್ದು."

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಗೆ ಕಚ್ಚಿಸಿ
ಇನ್ನೊಂದರಿಂದ ಸ್ಟೇರಿಂಗ್ ಕಂಬವನ್ನು ಚುಚ್ಚುತ್ತಾ ಇಳಿದ.
ಮೇಲೆ ಕತ್ತಲು. ನಡುವೆ ಕತ್ತಲು.
ರಬ್ಬರಿನ ಬಿಲ್ಲೆ ದಾಟಿದ ಕೂಡಲೇ ಬೆಳಕು.
ರಸ್ತೆಯ ನಡುಕ ಕೈಗೆ ಬರದಿರಲೆಂದು ಇಟ್ಟ ರಬ್ಬರು;
ಅದನ್ನು ಹಾಯಲೆಂದು ಹೆಣೆದ ತಾಮ್ರದ ಎಳೆ, ಬೆರಳುದ್ದ,
ಕಿತ್ತು ಹೋಗಿತ್ತು. ಎಡಕ್ಕೆ ತಿರುಗಿದಾಗ ಮಾತ್ರ
ಎರಡು ತುದಿಗಳು ಮುಟ್ಟುತ್ತಿದ್ದವು,
ಮಾತು ಬಿಟ್ಟ ಓರಗಿತ್ತಿಯರ ಸೆರಗು
ನಲ್ಲಿಯ ಹತ್ತಿರ ತಾಕಿದ ಹಾಗೆ.

"ನಮ್ಮ ಮ್ಯಾನೇಜರ್ ಸಾಹೇಬ್ರ ಹೆರಾಲ್ಡಿಗೂ ಇದೇ ರೋಗ."
ಡಬ್ಬಿ ತಡಕಿ ಕಾರ್ಬನ್ ಬ್ರಶ್ಶೊಂದನ್ನು ತೆಗೆದ,
ಮಿಲ್ಲಿನ ಮೋಟಾರಿನದು, ಕೊನೇ ಪಾಳಿಯ ದಿನ ಜೇಬಿಗೆ ಬಿದ್ದದ್ದು.
ಅದರ ಜಡೆ ಕತ್ತರಿಸಿ, ಎರಡೂ ತುದಿಗೆ ಕಿವಿ ಬೆಸೆದ.
ಆಮೇಲೆ ಉಪ್ಪುಕಾಗದ ಹಿಡಿದು
ಒಂಬತ್ತು ಸಾವಿರ ಕೊಟ್ಟು ನಾನು ಹೊಡೆಸಿದ ಹೊಸ ಬಣ್ಣವನ್ನು
ಕೆರೆಯತೊಡಗಿದ. ಅಯ್ಯೋ ಎಂದೆ. ಕೇಳಿಸಲಿಲ್ಲ ಅವನಿಗೆ.
ಸ್ಲೇಟಿಗೆ ಕೈಹಾಕುವಷ್ಟರಲ್ಲಿ
ರೂಪಾಯಿಯಗಲ ಬೋಳು ಕಬ್ಬಿಣ ಮಿನುಗುತ್ತಿತ್ತು.
"ಬಣ್ಣ ದಾಟಿ ಹೋಗಂಗಿಲ್ಲ ಅದು,"
ಎಂದು ಬೋಲ್ಟು ಬಿಗಿದು ಗ್ರೀಸು ಸವರಿದ.

"ಒತ್ರಿ."
ಒತ್ತಿದೆ. ಚಕ್ರ ನೇರ ಇತ್ತು.
ಆಟೋದವರು ಕಿವಿ ಮುಚ್ಚಿಕೊಂಡರು,
ಮಂಡಕ್ಕಿ ಗಾಡಿಯ ಹುಡುಗ ಬೈದ,
ಹಾಲೇಶಪ್ಪ ಹಾರನ್ನಿನ ಮೇಲೆ ಅಂಗೈಯಿಟ್ಟು
ತಲೆ ಅಡ್ಡ ಮಾಡಿ ನಿಂತ.
"ಇನ್ನೊಂದು ಸಲ. ಒರಟೈತಿ."
ಸ್ಕ್ರೂ ಕಾಲು ಸುತ್ತು. "ಇನ್ನೊಂದು ಸಲ.
ಹಾಂ. ಈಗ ಮೆತ್ತಗಾತು ನೋಡ್ರಿ."
ನನ್ನ ಕಿವಿಗೆ ಎರಡೂ ಒಂದೇ ಥರ.
ಎಂಬತ್ತು ರೂಪಾಯಿ ಕೂಲಿ. ಜಡೆಗೆ ಬೇರೆ ಇಪ್ಪತ್ತು.

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಹಿಂದೆ ಮುಂದೆ ಊರಿಗೆ ಊರೇ ಒತ್ತುತ್ತಿತ್ತು,
ಒತ್ತಿದರೆ ಗೇಟು ಏಳುತ್ತದೆ ಎನ್ನುವಂತೆ.
ನಾನೂ ಒತ್ತಬಹುದಿತ್ತು ಈಗ.
ಆ ಗದ್ದಲದಲ್ಲಿ ಗೂಡ್ಸ್ ಗಾಡಿ ಬಂದದ್ದು
ಬಾಗಿಲ ಮೇಲಿಟ್ಟ ಅಂಗೈಗೆ ಮೊದಲು ತಿಳಿಯಿತು,
ಕಿವಿಗೆ ಆಮೇಲೆ.