ಅಳತೆ ಪುಸ್ತಕ

ಎದೆ ಮೂವತ್ತೆಂಟು, ಸೊಂಟ ಮೂವತ್ತನಾಲ್ಕು,
ತೋಳು ಇಪ್ಪತ್ತಮೂರೂವರೆ:
ಇದು ಸೋಮವಾರದ ಪುಟ, ಪೈವಳಿಕೆಯ ಮದುಮಗನದ್ದು.
ಅದರ ಕೆಳಗೇ, ಅದೇ ಪೆನ್ಸಿಲಿನಲ್ಲಿ,
ರಾತ್ರಿ ಎಂಟು, ನೂರ ಎರಡೂವರೆ, ಮಾತ್ರೆ ಒಂದು.
ಇದು ಅಫ್ರೋಜನದ್ದು.

ಕಟಿಹಾರದ ಹುಡುಗ, ಬಂದು ಏಳು ತಿಂಗಳು.
ಕಾಜಾ ಹೊಲಿದರೆ ಎಳೆ ಎಣಿಸಬೇಕು, ಅಂಥ ಕೈ.
ಉಪ್ಪಳ ಪೇಟೆಯ ಈ ಅಂಗಡಿಯ ಮೇಲಿನ ಕೋಣೆಯಲ್ಲಿ
ಬಿದ್ದುಕೊಂಡಿದ್ದಾನೆ, ಮೈ ಇಸ್ತ್ರಿಪೆಟ್ಟಿಗೆ.

ಆಶಾ ಕೆಲಸದ ಓಮನ ಚೇಚಿ
ಮೆಟ್ಟಿಲ ಬುಡದಿಂದಲೇ ಕೇಳಿದಳು, "ಪನಿ ಉಂಡೋ?"
ಮೇಲಿನಿಂದ ಒಣಗಿದ ದನಿ, "ಹಾಂ, ಪಾನಿ. ಥೋಡಾ ಪಾನಿ."
ಅವಳ ಪನಿ ಜ್ವರ. ಅವನ ಪಾನಿ ನೀರು.
ನಮ್ಮ ತುಳುವಿನ ಪನಿಯೋ, ಬರೀ ತುಂತುರು.
ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವ ನಾನು,
ನಡುವೆ ನಿಂತು ಚೊಂಬು ಎತ್ತಿಕೊಟ್ಟೆ.
ಇಬ್ಬರೂ ಸರಿಯೇ ಹೇಳಿದ್ದರು.

ಚಾದಂಗಡಿಯ ಅಂದುಞ್ಞಿ ಗಂಜಿ ತಂದ, ಜೊತೆಗೆ ಕಂಬಳಿ:
"ಸುತ್ತಿ ಮಲಗಿಸು ಮಾರಾಯ, ಬೆವರಲಿ."
ಗಂಜಿ ತೆಗೆದುಕೊಂಡೆ. ಕಂಬಳಿ ಮಡಚಿಟ್ಟೆ.
ಅವನ ಜೇಬಲ್ಲಿ ಇನ್ನೂ ಇತ್ತು,
ಕಳೆದ ವರ್ಷದ ಹಲ್ಲುನೋವಿನ ಅರ್ಧ ಚೀಟಿ ಆಂಟಿಬಯೋಟಿಕ್ಕು.
ಬೇಡ ಅಂದೆ. ಮತ್ತೆ ಒಂದು ಶೀತದ ಮಾತ್ರೆ.
ಸೂಜಿಗೆ ದಾರ ಪೋಣಿಸುವ ಭೂತಗನ್ನಡಿ ಹಿಡಿದು ಓದಿದೆ:
ಅದರ ಹೊಟ್ಟೆಯಲ್ಲೂ ಅದೇ ಪಾರಸಿಟಮಾಲು!
ಒಂದೇ ಕೋಟಿಗೆ ಎರಡು ಅಸ್ತರು ಯಾರು ಕೊಡುತ್ತಾರೆ?
ಆರು ಗಂಟೆಯ ಮೊದಲು ಇನ್ನೊಂದಿಲ್ಲ
ಎಂದು ಗೋಡೆಗೆ ಸೀಮೆಸುಣ್ಣದಲ್ಲಿ ಬರೆದೆ, ನನಗೇ.

ಹೆಂಡತಿ ಸುಗಂಧಿಗೆ ಆರು ತಿಂಗಳು. ಮೆಟ್ಟಿಲು ಹತ್ತುವ ಹಾಗಿಲ್ಲ.
ಆರಡಿ ದೂರ ಅಂದಿದ್ದಳು ಚೇಚಿ.
ನನ್ನ ಟೇಪು ಐದೇ ಅಡಿ.
ಉಳಿದ ಒಂದಡಿ ಕಣ್ಣಂದಾಜು.
ಕಿಟಕಿ ತೆರೆದೆ, ಮಂಗಳೂರಿನ ರೈಲಿನ ಸದ್ದು ಒಳಗೆ ಬಂತು.
ಅವನ ಲೋಟ ಬೇರೆ, ಬಟ್ಟಲು ಬೇರೆ,
ಮದುಮಗನ ಬಟ್ಟೆಯ ಚೂರಿನಲ್ಲಿ ಮೂರು ಮಡಿಕೆಯ ಮಾಸ್ಕು ಇಬ್ಬರಿಗೂ.

ಎರಡನೆಯ ರಾತ್ರಿ ನಿದ್ದೆ ಇಲ್ಲ.
ಚೇಚಿಯ ಮಾತು ಕಿವಿಯಲ್ಲಿ:
ಉಸಿರು ಏರಿದರೆ, ತುಟಿ ನೀಲಿಯಾದರೆ,
ಬಿಟ್ಟ ಜ್ವರ ತಿರುಗಿ ಬಂದರೆ, ಮಾತು ತಪ್ಪಿದರೆ,
ಬೆಳಗಾಗಲಿ ಅನ್ನಬೇಡ.
ತಲಪಾಡಿಯ ಗಡಿ ಮುಚ್ಚಿದ ವರ್ಷ ಕಂಡವ ನಾನು.
ಆಟೋದ ಮೋನುವಿನ ನಂಬರು ಪುಸ್ತಕದ ರಟ್ಟಿನ ಮೇಲೆ.
ಉಸಿರು ಎಣಿಸಿದೆ, ನಿಮಿಷಕ್ಕೆ ಹತ್ತೊಂಬತ್ತು. ತುಟಿ ಒಣಗಿದೆ, ನೀಲಿಯಲ್ಲ.

ಆದರೆ ಒಂದೂವರೆಗೆ ಅವನು ಮಾತಾಡತೊಡಗಿದ,
ಉದ್ದಕ್ಕೆ, ಯಾರದೋ ಹೆಸರು ಹಿಡಿದು, ಊರಿನ ಭಾಷೆಯಲ್ಲಿ.
ಅಂಗಡಿಯ ಹಿಂದಿಯಲ್ಲ ಅದು.
ತಪ್ಪಿತೋ ಮಾತು? ಗೊತ್ತಿರದ ಮಾತು ತಪ್ಪಿದ್ದು
ನನಗೆ ಹೇಗೆ ತಿಳಿಯಬೇಕು?

ನಮ್ಮಿಬ್ಬರಿಗೂ ಬರುವುದು ಒಂದೇ.
"ಅಫ್ರೋಜ್, ಮದುಮಗನ ಎದೆ?"
ಸುಮ್ಮನಾದ. ಕಣ್ಣು ಬಿಟ್ಟ.
"ಅಡತೀಸ್."
"ತೋಳು?"
"ಸಾಡೇ ತೇಯೀಸ್, ಉಸ್ತಾದ್.
ಬಾಯಾಂ ಹಾಥ್ ಥೋಡಾ ಛೋಟಾ."
ಎಡಗೈ ಸ್ವಲ್ಪ ಗಿಡ್ಡ.
ಅದನ್ನು ನಾನು ಬರೆದೇ ಇರಲಿಲ್ಲ.

ನೀರು ಕುಡಿಸಿದೆ. ಬರೆದುಕೊಂಡೆ,
ಎರಡನ್ನೂ, ಆಯಾ ಜಾಗದಲ್ಲಿ.

ಮದುಮಗ ಬಂದು ಬೈದು ಹೋದ.
ಮೇಲೆ ಕೆಮ್ಮು ಇನ್ನೂ ಉಂಟು. ಸೂಜಿ ಕೇಳಿದ, ಕೊಡಲಿಲ್ಲ.
ಶುಕ್ರವಾರ, ಬೆಳಗ್ಗೆ ಏಳು: ತೊಂಬತ್ತೆಂಟೂವರೆ, ಮಾತ್ರೆ ಇಲ್ಲ.
ಎಡತೋಳು ಇಪ್ಪತ್ತಮೂರುಕಾಲು.
ಕಾಜಾ ಬಾಕಿ.